ಹಾಡಿಸುವವನ ಪ್ರಾರ್ಥನೆ



ನಾನು ಸಭಾಪಾಲಕನಲ್ಲ, ಉಪದೇಶಿಯೂ ಅಲ್ಲ. ಕಾಸರಗೋಡು ಕಡೆಯ ಒಂದು ಸಣ್ಣ ಕನ್ನಡ ಸಭೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆದಿತ್ಯವಾರದ ಗೀತೆಗಳನ್ನು ಹಾಡಿಸುವವನು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1956ರವರೆಗೆ ಮಂಗಳೂರೂ ಕಾಸರಗೋಡೂ ಒಂದೇ ಜಿಲ್ಲೆಯಲ್ಲಿದ್ದವು. ಆದ್ದರಿಂದ ಅವರ ಜರ್ಮನ್ ರಾಗಗಳು ನಮಗೂ ಬಳುವಳಿಯಾಗಿ ಬಂದವು. ನಿಘಂಟಿನ ಕಿಟೆಲರು 1862ರಲ್ಲಿಯೇ 'ಕಥಾಮಾಲೆ' ಬರೆದು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ತಂದಿದ್ದರು. ಆದರೂ ನಮ್ಮ ನಾಲಿಗೆಗೆ ಹೆಚ್ಚು ಹತ್ತಿದ್ದು ಜರ್ಮನ್ ರಾಗಗಳೇ. ಇರಲಿ, ಇಂದಿನ ಮಾತು ಅದಲ್ಲ.

ನನ್ನ ತಾಯಿ ತೀರಿಕೊಂಡ ದಿನ ದೇವಾಲಯದಲ್ಲಿ ಸಭೆಯವರು ಹಾಡುತ್ತಿದ್ದರು. ಎದುರಿಗೆ ಪೆಟ್ಟಿಗೆ. ನಾನೋ ಹಿಂದಿನ ಸಾಲಿನವರು ಶ್ರುತಿ ತಪ್ಪುತ್ತಿದ್ದಾರೆಂದು ಕೈಯೆತ್ತಿ ಸರಿಪಡಿಸುತ್ತಿದ್ದೆ! ಮಣ್ಣು ಮಾಡಿ ಮನೆಗೆ ಬಂದ ಮೇಲೆ ನನ್ನ ಹೆಂಡತಿ ಕೇಳಿದಳು: "ನೀವು ಪ್ರಾರ್ಥನೆ ಮಾಡುವುದು ಯಾವಾಗ?"

"ಆದಿತ್ಯವಾರ ಮಾಡುವುದಿಲ್ಲವೋ?" ಎಂದೆ.

"ಅದು ಸಭೆಯದ್ದು. ನಿಮ್ಮದು?"

ಉತ್ತರ ಹೊಳೆಯಲಿಲ್ಲ. ಸತ್ಯವೇದ ತೆರೆದರೆ ಮುಂದಿನ ವಾರಕ್ಕೆ ಯಾವ ಗೀತೆ ಹೊಂದೀತು ಎಂಬುದೇ ನನ್ನ ಯೋಚನೆ. ದೇವರ ಮಾತು ನನಗೆ ಅಂಗಡಿಯ ಸರಕಿನಂತಾಗಿತ್ತು. ತೂಗಿ ಕೊಡುವವನು ಸ್ವತಃ ಉಪವಾಸ.

ಮರುದಿನದಿಂದ ಬೆಳಿಗ್ಗೆ ಐದಕ್ಕೆ ಎದ್ದು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತೆ. ಹಾರ್ಮೋನಿಯಂ ಹೊರಗೆ. ರಾಗವಿಲ್ಲದೆ ಒಂದು ಕೀರ್ತನೆ ಓದುವುದು, ಸುಮ್ಮನಿರುವುದು, ಇಷ್ಟೇ. ಮೊದಲ ಕೆಲವು ವಾರ ಏನೂ ಆಗಲಿಲ್ಲ. ನಿದ್ದೆ ಬಂತು, ಅಷ್ಟೆ.

ಹೀಗೆ ಓದುತ್ತಾ 88ನೆಯ ಕೀರ್ತನೆಗೆ ಬಂದೆ. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಆರಾಧನೆಗೆ ಆರಿಸಿದ್ದೇ ಇಲ್ಲ. ಬೇರೆ ಶೋಕಗೀತೆಗಳು ಕೊನೆಗೆ ಸ್ತುತಿಯ ಕಡೆಗೆ ಹೊರಳುತ್ತವೆ, ಇದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ತಲೆಬರಹದಲ್ಲಿ ಎಜ್ರಾಹ್ಯನಾದ ಹೇಮಾನನ ಹೆಸರಿದೆ. ಪೂರ್ವಕಾಲವೃತ್ತಾಂತದಲ್ಲಿ ಮಂಜೂಷವನ್ನು ತರುವಾಗ ತಾಮ್ರದ ತಾಳ ಬಾರಿಸಲು ದಾವೀದನ ಕಾಲದಲ್ಲಿ ನೇಮಕವಾದ ಗಾಯಕರಲ್ಲಿಯೂ ಒಬ್ಬ ಹೇಮಾನನಿದ್ದಾನೆ. ಇಬ್ಬರೂ ಒಬ್ಬರೇ ಎನ್ನುವುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ನನಗಂತೂ ಒಬ್ಬನೇ ಎಂದು ತೋರುತ್ತದೆ. ಊರೆಲ್ಲ ಕುಣಿಯುವಂತೆ ತಾಳ ಹಾಕಿದವನು ಒಳಗೆ ಹೀಗೂ ಮೊರೆಯಿಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನು? ಅವನ ಜೊತೆಗಾರ ಆಸಾಫನ ಹೆಸರಿನ 73ನೆಯ ಕೀರ್ತನೆಯಲ್ಲಿಯೂ, ದುಷ್ಟರ ಸುಖ ಕಂಡು ಕಾಲು ಜಾರುವುದರಲ್ಲಿತ್ತು ಎಂಬ ಒಪ್ಪಿಗೆಯಿದೆ.

ಆ ಬೆಳಿಗ್ಗೆ ತಾಯಿಗಾಗಿ ಅತ್ತೆ. ಶ್ರುತಿಯ ಗೊಡವೆಯಿಲ್ಲದೆ ಅತ್ತೆ.

ಈಗಲೂ ಹಾಡಿಸುತ್ತೇನೆ. ಹಿಂದಿನ ಸಾಲಿನವರು ಈಗಲೂ ಶ್ರುತಿ ತಪ್ಪುತ್ತಾರೆ. ಶನಿವಾರದ ಅಭ್ಯಾಸಕ್ಕೆ ಮೊದಲು ಗಾನವೃಂದದ ಹುಡುಗರೊಂದಿಗೆ ಹತ್ತು ನಿಮಿಷ ಮಾತಿಲ್ಲದೆ ಕೂರುತ್ತೇವೆ. ಅವರಿಗೆ ಬೇಸರ ಬರುವುದುಂಟು. ಕಳೆದ ಶನಿವಾರ ಒಬ್ಬ ಹುಡುಗ ಮಾತ್ರ ಅಭ್ಯಾಸ ಮುಗಿದ ಮೇಲೂ ಹಿಂದೆ ಉಳಿದ. ಏನೆಂದು ನಾನು ಕೇಳಲಿಲ್ಲ. ದೀಪ ಆರಿಸದೆ ಬಂದೆ.