ಬಾನಿನ ಮನೆಯ ವೇಳಾಪಟ್ಟಿ

ಮನೆಯಲ್ಲಿ ಮದುವೆ ನಡೆಸಿದವರಿಗೆ ಏರ್ಪಾಡೆಂದರೆ ಏನೆಂಬುದು ಗೊತ್ತು. ಅಡಿಗೆಯವರು ಬರುವ ಮೊದಲು ಸಾಮಾನು ಬಂದಿರಬೇಕು. ನೆಂಟರು ಬರುವ ಮೊದಲು ಅವರಿಗೆ ಮಲಗಲು ಸ್ಥಳ ಸಿದ್ಧವಾಗಿರಬೇಕು. ಒಂದು ತಪ್ಪಿದರೆ ಉಳಿದುದೆಲ್ಲ ಏರುಪೇರು. ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಇಂಥ ಏರ್ಪಾಡು ವರ್ಷವಿಡೀ ನಡೆಯುತ್ತದೆ. 2000ದ ನವೆಂಬರ್ 2ರಿಂದ ಆ ಮನೆಯಲ್ಲಿ ಜನವಿಲ್ಲದ ದಿನವಿಲ್ಲ. ಸಾಮಾನ್ಯವಾಗಿ ಅಲ್ಲಿ ಏಳು ಮಂದಿಯ ವಾಸ.

ಅವರು ಸೂರ್ಯನನ್ನು ನೋಡಿ ಏಳುವಂತಿಲ್ಲ. ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವುದರಿಂದ ದಿನಕ್ಕೆ ಹದಿನಾರು ಉದಯ, ಹದಿನಾರು ಅಸ್ತ. ಆದುದರಿಂದ ಗ್ರೀನಿಚ್ ಕಾಲವನ್ನು ಹಿಡಿದು ಬೆಳಗಿನ ಆರಕ್ಕೆ, ಎಂದರೆ ನಮ್ಮ ಹನ್ನೊಂದೂವರೆಗೆ, ಏಳುತ್ತಾರೆ. ನಿದ್ರೆಗೆ ಎಂಟೂವರೆ ಗಂಟೆ. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ, ಸ್ನಾಯುಗಳು ಸೊರಗುವುದರಿಂದ ವ್ಯಾಯಾಮಕ್ಕೆ ಎರಡು ಗಂಟೆಗೂ ಹೆಚ್ಚು. ಊಟ, ಸ್ನಾನ, ಮಾತುಕತೆ ಕಳೆದರೆ ಕೆಲಸಕ್ಕೆ ಉಳಿಯುವುದು ಸುಮಾರು ಆರೂವರೆ ಗಂಟೆ. ದುರಸ್ತಿ, ಸಾಮಾನು ಇಳಿಸುವುದು, ಪ್ರಯೋಗ, ಎಲ್ಲವೂ ಅಷ್ಟರಲ್ಲೇ ಆಗಬೇಕು. ಕೆಳಗೆ ಅಮೆರಿಕ, ರಷ್ಯಾ, ಯೂರೋಪ್, ಜಪಾನುಗಳಲ್ಲಿ ಕುಳಿತ ಯೋಜಕರು ಐದೈದು ನಿಮಿಷದ ಲೆಕ್ಕದಲ್ಲಿ ಇದನ್ನು ಹಂಚುತ್ತಾರೆ. ಮೇಲಿನವರ ಕಂಪ್ಯೂಟರಿನ ಪರದೆಯಲ್ಲಿ ಆ ಪಟ್ಟಿಯ ಮೇಲೆ ಕೆಂಪು ಗೆರೆಯೊಂದು ಗಡಿಯಾರದೊಡನೆ ಸರಿಯುತ್ತಿರುತ್ತದೆ. ಗೆರೆ ಮುಂದೆ ಹೋಯಿತು, ಕೆಲಸ ಹಿಂದೆ ಉಳಿಯಿತು ಎಂದರೆ ತಡವಾಯಿತೆಂದೇ ಅರ್ಥ.

ಹಾಗಾದರೆ ಇನ್ನೆರಡು ಗಂಟೆ ಹೆಚ್ಚು ದುಡಿಸಬಾರದೆ? ಇದಕ್ಕೆ ಉತ್ತರ 1973ರಲ್ಲೇ ದೊರಕಿತು. ಆ ನವೆಂಬರಿನಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣಕ್ಕೆ ಕಾರ್, ಗಿಬ್ಸನ್, ಪೋಗ್ ಎಂಬ ಮೂವರು ಹೋದರು. ಮೂವರಿಗೂ ಅದು ಮೊದಲ ಯಾನ. ಹಿಂದಿನ ತಂಡ ಪಳಗಿದ ಮೇಲೆ ಗಳಿಸಿದ್ದ ವೇಗವನ್ನೇ ಇವರಿಂದ ಮೊದಲ ದಿನಗಳಲ್ಲಿ ನಿರೀಕ್ಷಿಸಲಾಯಿತು. ಟೆಲಿಪ್ರಿಂಟರಿನಲ್ಲಿ ಮಾರುದ್ದದ ಆದೇಶಗಳು ಇಳಿದುಬಂದವು. ಅವಸರ ಹೆಚ್ಚಿದಷ್ಟೂ ತಪ್ಪು ಹೆಚ್ಚಿತು. ಕೊನೆಗೆ ಡಿಸೆಂಬರ್ 30ರಂದು ಮೇಲಿನವರೂ ಕೆಳಗಿನವರೂ ರೇಡಿಯೋದಲ್ಲಿ ಮನಬಿಚ್ಚಿ ಮಾತನಾಡಿದರು. ಕೆಲವರು ಇದನ್ನು ಮುಷ್ಕರವೆಂದು ಬಣ್ಣಿಸುವುದುಂಟು, ನಡೆದದ್ದು ಮಾತುಕತೆ. ಊಟದ ಹೊತ್ತನ್ನೂ ವಿರಾಮವನ್ನೂ ಮುಟ್ಟಬಾರದೆಂದಾಯಿತು. ಸಣ್ಣಪುಟ್ಟ ಕೆಲಸಗಳನ್ನು ಗಂಟೆಗೆ ಕಟ್ಟದೆ, ಬಿಡುವಾದಾಗ ಮಾಡಿಕೊಳ್ಳಲು ಬೇರೆ ಪಟ್ಟಿಗೆ ಸೇರಿಸಿದರು. ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. 84 ದಿನಗಳ ನಂತರ ಇಳಿದಾಗ ಹಿಂದುಳಿದಿದ್ದ ಕೆಲಸವನ್ನೆಲ್ಲ ತೀರಿಸಿ ಬಂದಿದ್ದರು.

ಮನುಷ್ಯರಿಗೆ ಬೇಕಾದ ಈ ಬಿಡುವು ಸಾಮಾನಿನ ಲೆಕ್ಕದಲ್ಲೂ ಬೇಕು. 2014ರ ಅಕ್ಟೋಬರಿನಿಂದ 2015ರ ಜೂನಿನವರೆಗಿನ ಎಂಟು ತಿಂಗಳಲ್ಲಿ ಸಾಮಾನು ಹೊತ್ತ ಮೂರು ನೌಕೆಗಳು ನಷ್ಟವಾದವು: ಎರಡು ಅಮೆರಿಕದವು, ಒಂದು ರಷ್ಯಾದ್ದು. ಆದರೂ ಮೇಲೆ ಯಾರೂ ಹಸಿದಿರಲಿಲ್ಲ; ತಿಂಗಳುಗಟ್ಟಲೆಯ ದಾಸ್ತಾನನ್ನು ಮೊದಲೇ ಇರಿಸಲಾಗಿತ್ತು. 2024ರಲ್ಲಿ ಇನ್ನೊಂದು ಬಗೆಯ ಇಕ್ಕಟ್ಟು. ಮೂತ್ರವನ್ನು ಶುದ್ಧೀಕರಿಸಿ ನೀರಾಗಿಸುವ ಯಂತ್ರದ ಪಂಪು ಕೆಟ್ಟಿತು. ಹೊಸ ಪಂಪಿಗೆ ಸ್ಥಳ ಮಾಡಲು, ಸ್ಟಾರ್‌ಲೈನರ್ ನೌಕೆಯಲ್ಲಿ ಹೊರಟಿದ್ದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರ ಬಟ್ಟೆಯ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಸುಮಾರು ಎಂಟು ದಿನಕ್ಕೆಂದು ಹೋದ ಅವರು, ನೌಕೆಯಲ್ಲಿ ದೋಷ ಕಂಡುಬಂದುದರಿಂದ, ಒಂಬತ್ತು ತಿಂಗಳು ಅಲ್ಲೇ ಉಳಿಯಬೇಕಾಯಿತು! ಅವರನ್ನು ಕರೆತರಲು, ಸೆಪ್ಟೆಂಬರಿನಲ್ಲಿ ನಾಲ್ವರು ಹೋಗಬೇಕಾಗಿದ್ದ ನೌಕೆಯಲ್ಲಿ ಇಬ್ಬರನ್ನೇ ಕಳುಹಿಸಿ ಎರಡು ಆಸನ ಖಾಲಿ ಬಿಟ್ಟರು. 2025ರ ಮಾರ್ಚಿನಲ್ಲಿ ಅದೇ ನೌಕೆಯಲ್ಲಿ ಅವರು ಮರಳಿದರು.

ನಮ್ಮ ನಾಡಿಗೂ ಈ ವೇಳಾಪಟ್ಟಿಯಲ್ಲಿ ಒಂದು ಪಾಲು ದೊರಕಿದೆ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಕೈಗೊಂಡ ಪ್ರಯೋಗಗಳಲ್ಲಿ ಒಂದನ್ನು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಅಲ್ಲಿನ ಐಐಟಿಯೂ ರೂಪಿಸಿದ್ದವು. ಹೆಸರುಕಾಳು, ಮೆಂತ್ಯಗಳು ತೂಕವಿಲ್ಲದೆಡೆ ಹೇಗೆ ಮೊಳೆಯುತ್ತವೆಂಬುದು ಪ್ರಶ್ನೆ. ಮೇ 29ಕ್ಕೆ ಗೊತ್ತಾಗಿದ್ದ ಆ ಯಾನ ರಾಕೆಟ್ಟಿನ ಆಮ್ಲಜನಕದ ಸೋರಿಕೆಯಿಂದಲೂ, ಬಳಿಕ ನಿಲ್ದಾಣದ ರಷ್ಯನ್ ಭಾಗದ ಗಾಳಿ ಸೋರಿಕೆಯ ಪರಿಶೀಲನೆಯಿಂದಲೂ ಮತ್ತೆ ಮತ್ತೆ ಮುಂದೆ ಹೋಗಿ, ಜೂನ್ 25ರಂದು ಹೊರಟಿತು. ಕಾಳುಗಳನ್ನು ಅಲ್ಲಿ ಮೊಳಕೆ ಬರಿಸಿ, ಕೆಳಗೆ ತಂದು ಪರೀಕ್ಷಿಸಲು ಶೀತಕದಲ್ಲಿರಿಸಿದರು. ಜುಲೈ 15ರಂದು ತಂಡ ಭೂಮಿಗಿಳಿಯಿತು.

ಒಂದು ಮುಷ್ಟಿ ಕಾಳನ್ನು ಮೊಳೆಯಿಸುವುದು ನಮ್ಮ ಅಡಿಗೆಮನೆಯಲ್ಲಿ ಒದ್ದೆ ಬಟ್ಟೆಯ ಕೆಲಸ. ಅಲ್ಲಿ ಅದಕ್ಕೆ ನೌಕೆಯಲ್ಲಿ ಜಾಗ, ನಿಲ್ದಾಣದಲ್ಲಿ ಶೀತಕ, ಯಾತ್ರಿಯ ದಿನದಲ್ಲಿ ಕೆಲವು ನಿಮಿಷ, ಮರಳುವ ದಾರಿ, ಇವೆಲ್ಲ ಒಟ್ಟಿಗೆ ಕೂಡಿಬರಬೇಕು. ತಿಂಗಳು ತಡವಾದರೂ ಅವು ಕೂಡಿಬಂದವು. ತಡವನ್ನೂ ದಣಿವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದ ಪಟ್ಟಿಗೆ ಮಾತ್ರ ಅದು ಸಾಧ್ಯ.