ಗರಸಿನ ದಾರಿ, ಇನ್ನೂರು ಕಿಲೋ ಬೈಕು
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ವೇದಿಕೆಯ ಅಕ್ಕ ಫೋನ್ ಮಾಡಿ, "ನಿನ್ನ ಹಿಮಾಲಯದ ಬೈಕ್ ಕಥೆ ಹೇಳು, ಇಪ್ಪತ್ತು ನಿಮಿಷ ಸಾಕು" ಅಂದಾಗ ನಾನು ಮೊದಲು ಕೇಳಿದ್ದು, "ಬಿದ್ದದ್ದನ್ನೂ ಹೇಳಬೇಕಾ?" ಅಂತ. "ಅದನ್ನೇ ಮೊದಲು ಹೇಳು" ಅಂದರು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಎಂಟು ದಿನಗಳಲ್ಲಿ ಮೂರು ಸಲ ಬಿದ್ದೆ. ಮೊದಲನೆಯದು ಶಿಮ್ಲಾದ ಹೋಟೆಲ್ ಪಾರ್ಕಿಂಗ್‌ನಲ್ಲಿ, ಬೈಕ್ ನಿಂತಿದ್ದಾಗಲೇ. ಇಳಿಜಾರಿನ ಕಡೆ ಕಾಲು ಊರಲು ಹೋದೆ, ಅಲ್ಲಿ ನೆಲವೇ ಸಿಗಲಿಲ್ಲ. ಎರಡನೆಯದು ನಾಕೋ ದಾಟಿದ ಮೇಲೆ ಸಡಿಲು ಜಲ್ಲಿಯ ತಿರುವಿನಲ್ಲಿ. ಮೊಣಕೈ ಗಾರ್ಡ್ ಇದ್ದದ್ದರಿಂದ ಗೀರೂ ಆಗಲಿಲ್ಲ. ಮೂರನೆಯದರ ಬಗ್ಗೆ ಆಮೇಲೆ ಹೇಳುತ್ತೇನೆ.

ಇಲ್ಲಿ ಬಹಳ ಜನಕ್ಕೆ ನಾನು ಪುಣೆಯ ಟ್ರಾಫಿಕ್‌ನಲ್ಲಿ ಸ್ಕೂಟರ್ ಓಡಿಸಿಕೊಂಡು ಆಫೀಸಿಗೆ ಹೋಗುವ ಹುಡುಗಿ ಅಂತಲೇ ಗೊತ್ತು. ಗೇರ್ ಇರುವ ಬೈಕ್ ಕಲಿತದ್ದು ಮೂವತ್ತೆರಡನೇ ವಯಸ್ಸಿನಲ್ಲಿ. ಒಂದು ಹಳೆಯ ಹಿಮಾಲಯನ್ 411 ಕೊಂಡೆ. ಸೀಟಿನ ಎತ್ತರ 800 ಮಿಲಿಮೀಟರ್, ತೂಕ ಸುಮಾರು 200 ಕಿಲೋ. ನನ್ನ ಎತ್ತರ ಐದಡಿ ಮೂರಿಂಚು. ಎರಡೂ ಪಾದ ಪೂರ್ತಿ ನೆಲಕ್ಕೆ ತಾಕುವುದಿಲ್ಲ, ತುದಿಗಾಲು ಮಾತ್ರ. "ಇದು ಗಂಡಸರ ಗಾಡಿ ಮೇಡಂ" ಅಂತ ಮಾರಿದವನೇ ಹೇಳಿದ. ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡ.

ವರ್ಷದ ಮಟ್ಟಿಗೆ ಭಾನುವಾರಗಳಂದು ತಾಮ್ಹಿಣಿ ಘಾಟ್, ಪಾನಶೇತ್ ಕಡೆಯ ಹಳ್ಳಿ ರಸ್ತೆಗಳಲ್ಲಿ ಅಭ್ಯಾಸ ಮಾಡಿದೆ. ಆಮೇಲೆ ಹೊಸಬರಿಗೆಂದೇ ನಡೆಸುವ ಒಂದು ಗುಂಪಿನ ಜೊತೆ ಸೆಪ್ಟೆಂಬರ್‌ನಲ್ಲಿ ಸ್ಪಿತಿ ಕಣಿವೆಗೆ ಹೊರಟೆ. ಒಂಬತ್ತು ಜನ, ಅದರಲ್ಲಿ ಹೆಂಗಸರು ಮೂವರು. ಬೈಕ್ ಅಲ್ಲೇ ಬಾಡಿಗೆಗೆ, ನನ್ನದೇ ಮಾದರಿಯದು. ಹಿಂದೆ ಒಂದು ಪಿಕಪ್ ಗಾಡಿ, ಅದರಲ್ಲಿ ಮೆಕ್ಯಾನಿಕ್, ಆಕ್ಸಿಜನ್ ಸಿಲಿಂಡರ್, ನಮ್ಮ ಬ್ಯಾಗುಗಳು.

"ಹೊಸಬರಿಗೆ ಸುಲಭ" ಎಂಬ ಜಾಹೀರಾತು ನೋಡಿ ಮೋಸ ಹೋಗಬೇಡಿ. ರಸ್ತೆ ಯಾರಿಗೂ ಸುಲಭವಿಲ್ಲ. ಸುಲಭ ಮಾಡುವುದು ಆ ಪಿಕಪ್ಪು, ದಿನಕ್ಕೆ ಎಷ್ಟು ದೂರ ಇಟ್ಟುಕೊಂಡಿದ್ದಾರೆ ಎಂಬುದು, ಯಾವ ಕಡೆಯಿಂದ ಹತ್ತುತ್ತಾರೆ ಎಂಬುದು. ದುಡ್ಡು ಕಟ್ಟುವ ಮೊದಲು ಇವನ್ನೇ ಕೇಳಿ.

ಯಾವ ಕಡೆಯಿಂದ ಎಂದರೆ, ಸ್ಪಿತಿಗೆ ಎರಡು ದಾರಿ. ಮನಾಲಿಯಿಂದ ಹೋದರೆ ಹತ್ತಿರ. ಆದರೆ ಸುಮಾರು 2,000 ಮೀಟರ್‌ನಲ್ಲಿ ಮಲಗಿ ಎದ್ದವರು ಅದೇ ದಿನ 4,500 ಮೀಟರಿಗೂ ಮೇಲಿರುವ ಕುಂಜುಮ್ ಪಾಸ್ ದಾಟಬೇಕು. ತಲೆನೋವು, ವಾಂತಿ ಶುರುವಾಗುವುದು ಹೀಗೆಯೇ. ನಾವು ಶಿಮ್ಲಾ ಕಡೆಯಿಂದ ಕಿನ್ನೌರ್ ಮೇಲೆ ಹೋದೆವು. ಶಿಮ್ಲಾ 2,200, ಕಲ್ಪಾ 2,900 ಚಿಲ್ಲರೆ, ನಾಕೋ 3,600, ಮತ್ತೆ ಸ್ವಲ್ಪ ಇಳಿದು ತಾಬೋ, ಆಮೇಲೆ ಕಾಝಾ. ಮೈಗೆ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ಸೆಪ್ಟೆಂಬರ್ ಯಾಕೆ ಎಂದರೆ, ಮಳೆಗಾಲದಲ್ಲಿ ಕಿನ್ನೌರಿನ ಗುಡ್ಡಗಳನ್ನು ನಂಬುವ ಹಾಗಿಲ್ಲ. 2021ರ ಆಗಸ್ಟ್‌ನಲ್ಲಿ ನಿಗುಲ್ಸಾರಿಯಲ್ಲಿ ಗುಡ್ಡ ಕುಸಿದು ಬಸ್ಸಿನ ಸಮೇತ ಜನ ಸತ್ತದ್ದು ನಿಮಗೆ ನೆನಪಿರಬಹುದು. ಅಲ್ಲಿ ಹಾದುಹೋಗುವಾಗ ಗುಂಪಿನಲ್ಲಿ ಯಾರೂ ಫೋಟೋಕ್ಕೆ ನಿಲ್ಲಲಿಲ್ಲ.

ಈಗ ಗರಸಿನ ಮೇಲೆ ಓಡಿಸುವ ವಿಷಯ. ನಮ್ಮ ಕಡೆ ಗರಸು ಅಂದರೆ ಕೆಂಪು ಮಣ್ಣಿನ ಜೊತೆ ಸಣ್ಣ ಕಲ್ಲು. ಅಲ್ಲಿಯದು ಬೂದು ಬಣ್ಣದ್ದು. ಕೆಲವು ಕಡೆ ಹಿಟ್ಟಿನಂಥ ಧೂಳು, ಕೆಲವು ಕಡೆ ತೆಂಗಿನಕಾಯಿ ಗಾತ್ರದ ಕಲ್ಲು. ಮುಂದಿನ ಚಕ್ರ ಹಾವಿನ ಹಾಗೆ ಅತ್ತಿತ್ತ ಆಡುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಹ್ಯಾಂಡಲ್ ಬಿಗಿಯಾಗಿ ಹಿಡಿದು ಪ್ರತಿ ಅಲುಗಾಟವನ್ನೂ ಸರಿಮಾಡಲು ಹೋಗುವುದು. ಎಂ.ಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ ನಾನು ಪರೀಕ್ಷೆಗೆ ಬರೆದಿದ್ದೆ, ತಡವಾಗಿ ಮತ್ತು ಜೋರಾಗಿ ತಿದ್ದುವ ವ್ಯವಸ್ಥೆ ನಿಲ್ಲುವ ಬದಲು ಇನ್ನಷ್ಟು ತೂಗಾಡುತ್ತದೆ ಎಂದು. ಅಂಕವೂ ಬಂದಿತ್ತು. ಅರ್ಥವಾದದ್ದು ಮಾತ್ರ ನಾಕೋದಲ್ಲಿ ಮಣ್ಣು ಕೊಡವಿಕೊಂಡು ಎದ್ದಾಗ. ಸ್ವಲ್ಪ ವೇಗವಿದ್ದರೆ ಚಕ್ರ ತನ್ನಷ್ಟಕ್ಕೆ ನೇರವಾಗುತ್ತದೆ, ನಾವು ಬಿಡಬೇಕು ಅಷ್ಟೆ.

ಫುಟ್‌ಪೆಗ್ ಮೇಲೆ ಎದ್ದು ನಿಲ್ಲಬೇಕು. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದರೆ ಕೈಗಳು ಸಡಿಲವಾಗಿರುತ್ತವೆ. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ನಲವತ್ತು ಐವತ್ತು ಅಡಿ ಆಚೆ. ಕಲ್ಲನ್ನೇ ನೋಡಿದರೆ ಕಲ್ಲಿನ ಮೇಲೇ ಹೋಗುತ್ತೀರಿ, ಇದು ಪ್ರಪಾತಕ್ಕೂ ಅನ್ವಯಿಸುತ್ತದೆ. ಮುಂದಿನ ಬ್ರೇಕ್ ಒಂದೇ ಬೆರಳಲ್ಲಿ, ಮೃದುವಾಗಿ. ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ನಿಗೇ ಗಾಡಿ ಹಿಡಿಯಲು ಬಿಡಿ. ಟೈರಿನ ಗಾಳಿ ನಾಲ್ಕೈದು ಪಿಎಸ್‌ಐ ಇಳಿಸಿದರೆ ಹಿಡಿತ ಸಿಗುತ್ತದೆ, ಡಾಂಬರು ಬಂದಾಗ ಮತ್ತೆ ತುಂಬಿಸಲು ಮರೆಯಬೇಡಿ.

ಇನ್ನೊಂದು ಮಾತು. ಇದನ್ನು ಯಾವ ಬೈಕ್ ವೀಡಿಯೋದಲ್ಲೂ ಗಂಡಸರು ಹೇಳಿದ್ದನ್ನು ನಾನು ನೋಡಿಲ್ಲ. ನಾವು ಹೆಂಗಸರು ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತೇವೆ. ಬಸ್ ಪ್ರಯಾಣದಿಂದ ಬಂದ ಅಭ್ಯಾಸ. ಎತ್ತರದ ಒಣ ಗಾಳಿಯಲ್ಲಿ ಅದು ಅಪಾಯ. ನಮ್ಮ ಜೊತೆಗಿದ್ದ ಒಬ್ಬರು ತಾಬೋ ತಲುಪುವಷ್ಟರಲ್ಲಿ ತಲೆನೋವಿನಿಂದ ಹೆಲ್ಮೆಟ್ ತೆಗೆಯಲಾರದೆ ಕೂತುಬಿಟ್ಟರು. ಬೆಳಗಿನಿಂದ ಅರ್ಧ ಬಾಟಲಿ ನೀರೂ ಮುಗಿದಿರಲಿಲ್ಲ. ಆ ಸಂಜೆ ಮೂವರೂ ಸೇರಿ ಗುಂಪಿನ ನಾಯಕನಿಗೆ ನೇರವಾಗಿ ಹೇಳಿದೆವು, ಒಂದೂವರೆ ಗಂಟೆಗೊಮ್ಮೆ ನಿಲ್ಲಬೇಕು, ಬಂಡೆ ಇರುವ ಕಡೆ ನಿಲ್ಲಬೇಕು, ಗಂಡಸರು ಮುಂದೆ ಹೋಗಿ ತಿರುವಿನ ಆಚೆ ಕಾಯಬೇಕು. ಹುಡುಗ ಕೆಂಪಗಾದ, ಆದರೆ ಮರುದಿನದಿಂದ ಹಾಗೇ ಮಾಡಿದ. ಮುಟ್ಟಿನ ದಿನಗಳಿಗೆ ಕಪ್ ಅಭ್ಯಾಸವಿದ್ದರೆ ಒಳ್ಳೆಯದು. ಹೊಸದಾಗಿ ಅಲ್ಲಿ ಪ್ರಯೋಗ ಮಾಡಬೇಡಿ. ಎತ್ತರಕ್ಕೆ ಕೊಡುವ ಮಾತ್ರೆಯನ್ನೂ ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ತಾಬೋದ ಮಠ 996ರಲ್ಲಿ ಸ್ಥಾಪನೆಯಾದದ್ದು. ಹೊರಗಿನಿಂದ ನೋಡಿದರೆ ಬರೀ ಮಣ್ಣಿನ ಗೋಡೆ, ಒಳಗೆ ಕತ್ತಲೆಯಲ್ಲಿ ಚಿತ್ರಗಳು. ಅದರ ಬಗ್ಗೆಯೇ ಒಂದು ಮಾತು ಬೇಕು, ಇವತ್ತು ಬೇಡ.

ಕಾಝಾದಿಂದ ಹಿಕ್ಕಿಮ್ ಎಂಬ ಹಳ್ಳಿಗೆ ಹೋದೆವು. ಸುಮಾರು 4,400 ಮೀಟರ್ ಎತ್ತರ. ಅಲ್ಲೊಂದು ಅಂಚೆ ಕಚೇರಿ ಇದೆ, 1983ರಿಂದ. ಬಂದವರೆಲ್ಲ ಪೋಸ್ಟ್‌ಕಾರ್ಡ್ ಬರೆಯುತ್ತಾರೆ. ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಧಾರವಾಡದಲ್ಲಿರುವ ಅಮ್ಮನಿಗೆ ನಾನು ಆಫೀಸಿನ ಟ್ರೇನಿಂಗ್‌ಗೆ ಶಿಮ್ಲಾಕ್ಕೆ ಹೋಗುತ್ತಿದ್ದೇನೆ ಅಂತ ಹೇಳಿದ್ದೆ. ಅಪ್ಪ ಹೋದ ಮೇಲೆ ಅವಳು ರಾತ್ರಿ ಫೋನ್ ರಿಂಗಾದರೆ ಹೆದರುತ್ತಾಳೆ. ಬೈಕ್ ಅಂದಿದ್ದರೆ ಎಂಟು ದಿನ ಊಟ ಬಿಡುತ್ತಿದ್ದಳು. ಗಂಡನಿಗೂ ಈ ಸುಳ್ಳು ಇಷ್ಟವಿರಲಿಲ್ಲ. "ಏನಾದರೂ ಆದರೆ ನಾನು ಅವರಿಗೆ ಏನಂತ ಹೇಳಲಿ?" ಅಂದಿದ್ದ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಆದರೂ ಹೊರಟಿದ್ದೆ. ಹಿಕ್ಕಿಮ್‌ನಲ್ಲಿ ಕಾರ್ಡ್ ಕೈಗೆ ಬಂದಾಗ ಅಮ್ಮನ ವಿಳಾಸವೇ ಬರೆದೆ. ಇಂಥಲ್ಲಿಂದ ಬರೆಯುತ್ತಿದ್ದೇನೆ, ಬೈಕ್ ಮೇಲೆ ಬಂದಿದ್ದೇನೆ, ಸುಳ್ಳು ಹೇಳಿದ್ದೆ, ಆರಾಮ ಇದ್ದೇನೆ. ಡಬ್ಬಿಗೆ ಹಾಕಿದ ಮೇಲೆ ಹೊಟ್ಟೆಯಲ್ಲಿ ಹೇಗೋ ಆಯಿತು. ಕಾರ್ಡ್ ಧಾರವಾಡ ಮುಟ್ಟುವ ಮೊದಲು ನಾನು ಕ್ಷೇಮವಾಗಿ ಮನೆ ಮುಟ್ಟಬೇಕಲ್ಲ.

ಮೂರನೇ ಬೀಳು ಅದಾದ ಎರಡು ದಿನಕ್ಕೆ. ಕುಂಜುಮ್ ಇಳಿದು ಬಾತಲ್‌ನಲ್ಲಿ ರಾಜ್ಮಾ ಅನ್ನ ತಿಂದು ಗ್ರಾಂಫೂ ಕಡೆ ಹೊರಟೆವು. ಸುಮಾರು 50 ಕಿಲೋಮೀಟರ್. ಅದನ್ನು ರಸ್ತೆ ಅನ್ನುವುದಕ್ಕಿಂತ ಚಂದ್ರಾ ನದಿಯ ಪಕ್ಕ ಕಲ್ಲು ಸುರಿದ ಜಾಗ ಅನ್ನಬಹುದು. ಅಡ್ಡ ಹರಿಯುವ ನಾಲಾಗಳು ಬೆಳಿಗ್ಗೆ ಪಾದ ಮುಳುಗುವಷ್ಟಿದ್ದರೆ, ಬಿಸಿಲೇರಿ ಮೇಲೆ ಹಿಮ ಕರಗಿದಂತೆ ಮಧ್ಯಾಹ್ನ ಮೊಣಕಾಲಿಗೆ ಬರುತ್ತವೆ. ಪಾಸ್ ಮೇಲೆ ಫೋಟೋ ತೆಗೆಯುತ್ತ ನಾವು ತಡಮಾಡಿದ್ದೆವು. ಎರಡನೇ ನಾಲಾದ ನಡುವೆ ನೀರಿನೊಳಗಿನ ಕಲ್ಲಿಗೆ ಚಕ್ರ ತಾಗಿತು, ನಾನು ಹೆದರಿ ಮುಂದಿನ ಬ್ರೇಕ್ ಹಿಡಿದೆ. ಬೈಕ್ ಎಡಕ್ಕೆ ಮಲಗಿತು, ಕೆಳಗೆ ನನ್ನ ಕಾಲು. ನೀರು ಎಷ್ಟು ತಣ್ಣಗಿತ್ತೆಂದರೆ ಕೂಗಲು ಉಸಿರೇ ಬರಲಿಲ್ಲ. ಸ್ವಿಚ್ ಆಫ್ ಮಾಡಬೇಕೆಂದು ಮಾತ್ರ ಹೊಳೆಯಿತು. ಇಬ್ಬರು ನೀರಿಗಿಳಿದು ಎತ್ತಿದರು. ಬೂಟು ಗಟ್ಟಿಯಿದ್ದದ್ದರಿಂದ ಮೂಳೆ ಉಳಿಯಿತು, ಪಾದ ಊದಿಕೊಂಡಿತು, ಕ್ಲಚ್ ಲಿವರ್ ಮುರಿಯಿತು. ಲಿವರ್ ಹತ್ತು ನಿಮಿಷದಲ್ಲಿ ಬದಲಾಯಿತು.

ಕೈ ನಡುಗುವುದು ಮಾತ್ರ ನಿಲ್ಲಲಿಲ್ಲ. ಮುಂದೆ ಇನ್ನೂ ದೊಡ್ಡ ನಾಲಾ ಇದೆ, ಬೈಕ್ ಪಿಕಪ್ಪಿಗೆ ಹಾಕೋಣವಾ ಎಂದು ನಾಯಕ ಕೇಳಿದ. ಸಿನಿಮಾ ಆಗಿದ್ದರೆ ಇಲ್ಲ ಎನ್ನುತ್ತಿದ್ದೆ. ನಾನು, "ಆ ನಾಲಾ ಒಂದು ನೀನು ದಾಟಿಸು, ನಾನು ನಡೆದು ಬರ್ತೀನಿ" ಅಂದೆ. ಅವನು ದಾಟಿಸಿದ. ನಾನು ಮೆಕ್ಯಾನಿಕ್ ಹುಡುಗನ ಭುಜ ಹಿಡಿದು, ಮೊಣಕಾಲು ನೀರಿನಲ್ಲಿ ಕುಂಟುತ್ತ ಆಚೆ ದಡ ಸೇರಿದೆ. ಅಲ್ಲಿಂದ ಗ್ರಾಂಫೂವರೆಗೆ ನಾನೇ ಓಡಿಸಿದೆ. ಗುಂಪಿನ ಒಬ್ಬ ಮಹಾಶಯರು ರಾತ್ರಿ ಮನಾಲಿಯಲ್ಲಿ, "ಹಾಗಾದರೆ ಪೂರ್ತಿ ನೀವೇ ಓಡಿಸಿದ ಹಾಗಾಗಲಿಲ್ಲ" ಅಂದರು. ಹೌದು, ಐವತ್ತು ಅಡಿ ಕಡಿಮೆ. ನನಗೆ ಆ ಐವತ್ತು ಅಡಿಯ ಬಗ್ಗೆ ಬೇಸರವಿಲ್ಲ. ಫೋಟೋಕ್ಕೆ ಕಳೆದ ಆ ಒಂದು ಗಂಟೆಯ ಬಗ್ಗೆ ಇದೆ.

ಕಾರ್ಡ್ ಧಾರವಾಡಕ್ಕೆ ಬಂದದ್ದು ನಾನು ಮನೆ ಸೇರಿ ಎರಡು ವಾರ ಆದಮೇಲೆ. ಅಮ್ಮ ಫೋನ್ ಮಾಡಿದಳು.

"ಕಾರ್ಡ್ ಬಂತವಾ. ಆರಾಮ ಇದ್ದೇನಿ, ಆರಾಮ ಇದ್ದೇನಿ ಅಂತ ಎರಡು ಸಲ ಬರದಿ. ಒಂದ ಸಲ ಬರದಿದ್ರ ನಂಬ್ತಿದ್ದೆ. ಎಷ್ಟ ಸಲ ಬಿದ್ದಿ?"

"ಮೂರು."

"ಹಲ್ಲು?"

"ಎಲ್ಲಾ ಅದಾವ."

ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇನ್ನೊಮ್ಮೆ ಹೋಗೂದಿದ್ರ ಹೇಳಿ ಹೋಗು. ಊಟ ಬಿಡೂದು ನನ್ನ ಸಂಬಂಧ, ಅದನ್ನ ನೀ ಯಾಕ ಲೆಕ್ಕಾ ಹಾಕತಿ?" ಅಂದಳು. ಮುಂದಿನ ಸೆಪ್ಟೆಂಬರ್‌ಗೆ ರಜೆ ಕೇಳಿದ್ದೇನೆ, ಈ ಸಲ ಮೊದಲು ಹೇಳಿದ್ದು ಅವಳಿಗೇ.

ಕೊನೆಯದಾಗಿ, ಬಿದ್ದ ಬೈಕ್ ಎತ್ತುವುದಕ್ಕೆ ತೋಳಿನ ಬಲ ಬೇಡ. ಬೈಕಿಗೆ ಬೆನ್ನು ಮಾಡಿ ನಿಂತು, ಸೀಟಿಗೆ ಸೊಂಟ ಆನಿಸಿ ಕುಳಿತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಕಂಬಿಗೆ ಕೊಟ್ಟು, ಕಾಲಿನಿಂದ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳಬೇಕು. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಸೀರೆ ಉಟ್ಟವರೂ ಪರವಾಗಿಲ್ಲ, ಊಟ ಆದ ಮೇಲೆ ಪಾರ್ಕಿಂಗ್‌ಗೆ ಬನ್ನಿ. ನನ್ನ ಗಾಡಿ ಗೇಟಿನ ಪಕ್ಕದಲ್ಲೇ ಇದೆ, ನಾನೇ ಮಲಗಿಸಿ ತೋರಿಸುತ್ತೇನೆ.