ಖಾಲಿ ಕುರ್ಚಿ, ಸಿಡಿದ ಸ್ಟೋವ್

(ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯಿಂದ ಇಳಕಲ್ಲಿಗೆ ಬಂದಿದ್ದ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಮಾಡಿದ ಭಾಷಣ)



ನಿಮ್ಮ ಮನೆಯಲ್ಲಿ ಯಾವುದಾದರೂ ಹಳೆಯ ಮದುವೆ ಕಾರ್ಡು ಇದ್ದೇ ಇರುತ್ತದೆ. ಅದರ ಮೇಲಿನ ಗಣಪತಿ, ಬಂಗಾರದ ಬಣ್ಣದ ಅಕ್ಷರ ಬಹಳ ಸಲ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಆದದ್ದು. ಚೌಕಟ್ಟಿಗೆ ತೆಳು ಜಾಲರಿ ಬಟ್ಟೆ ಬಿಗಿದು, ಬಣ್ಣ ಬೇಡವಾದ ಕಡೆ ತೂತು ಮುಚ್ಚಿ, ಬಣ್ಣ ಹಾಕಿ ರಬ್ಬರ್ ಪಟ್ಟಿಯಿಂದ ಎಳೆಯುತ್ತಾರೆ. ಒಮ್ಮೆ ಚೌಕಟ್ಟು ತಯಾರಾದರೆ ಅದೇ ಚಿತ್ರ ನೂರು ಸಲ ಬೇಕಾದರೂ ಬರುತ್ತದೆ.

ಇದೇ ವಿಧಾನದಲ್ಲಿ ಮಾಡಿದ ಇನ್ನೊಂದು ಚಿತ್ರದ ಬಗ್ಗೆ ಹೇಳುತ್ತೇನೆ. ಅಮೆರಿಕದ ಆಂಡಿ ವಾರ್ಹಾಲ್ ಎಂಬ ಕಲಾವಿದ ಸೂಪಿನ ಡಬ್ಬಿ, ಸಿನಿಮಾ ತಾರೆಯ ಮುಖ ಹೀಗೆ ಜನ ದಿನವೂ ಕಾಣುವುದನ್ನೇ ಸಾಲುಸಾಲಾಗಿ ಅಚ್ಚು ಹಾಕಿದ. ಇಂಥ ಕಲೆಗೆ ಪಾಪ್ ಆರ್ಟ್ ಎಂದರು. ಅವನೇ ಮರಣದಂಡನೆಯ ವಿದ್ಯುತ್ ಕುರ್ಚಿಯನ್ನೂ ಅಚ್ಚು ಹಾಕಿದ. ಅದಕ್ಕೆ ಮೂಲ, ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಜೈಲಿನ 1953ರ ಒಂದು ಪತ್ರಿಕಾ ಫೋಟೊ. ಕುರ್ಚಿ ಖಾಲಿ. ಸತ್ತವರ ಗುರುತೇ ಇಲ್ಲ. ಆ ಫೋಟೊದಲ್ಲಿ ಒಂದು ಬೋರ್ಡು ಕಾಣುತ್ತದೆ: ಸದ್ದು ಮಾಡಬೇಡಿ. 1971ರಲ್ಲಿ ಅದೇ ಕುರ್ಚಿಯ 10 ಅಚ್ಚುಗಳನ್ನು ಚಂದಚಂದದ ಬಣ್ಣಗಳಲ್ಲಿ ಹೊರತಂದರು. 250 ಪ್ರತಿ ಎಂದು ಮಿತಿ ಹಾಕಿ, ನಂಬರು ಕೊಟ್ಟರು. ಘೋರವಾದದ್ದನ್ನು ಮೇಲಿಂದ ಮೇಲೆ ನೋಡಿದರೆ ಅದು ಮನಸ್ಸಿಗೆ ತಟ್ಟುವುದೇ ಇಲ್ಲ ಎಂದು ಆತ 1963ರಲ್ಲೇ ಹೇಳಿದ್ದ.

ಈ ಮಾತು ನಮಗೆ ಹೊಸದೇ? ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿ ಎಷ್ಟು ಸಲ ಓದಿದ್ದೇವೆ! ನಾನೂ ಓದಿ ಪುಟ ತಿರುವಿದವಳೇ. ಅಲ್ಲಿಯೂ ಸ್ಟೋವ್ ಕಾಣುತ್ತದೆ, ಹೆಂಗಸು ಕಾಣುವುದಿಲ್ಲ. ಅತ್ತೆ, ಗಂಡ, ಬೆಂಕಿಪೊಟ್ಟಣ ಯಾವುದೂ ಕಾಣುವುದಿಲ್ಲ. ಬೆಂಗಳೂರಿನ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ಇಂಥ ಸಾವುಗಳ ಬೆನ್ನು ಹತ್ತಿ, ಎಷ್ಟೋ ಪ್ರಕರಣಗಳನ್ನು ಅಡುಗೆಮನೆಯ ಆಕಸ್ಮಿಕ ಎಂದು ಮುಚ್ಚಿಹಾಕಿದ್ದನ್ನು ಬಯಲಿಗೆ ತಂದರು. ಈಗ ಸೀಮೆಎಣ್ಣೆ ಸ್ಟೋವ್ ಕಡಿಮೆಯಾಗಿದೆ. ‘ಕಾಲು ಜಾರಿ ಬಾವಿಗೆ ಬಿದ್ದಳು’ ಎಂಬ ಮಾತು ಕಡಿಮೆಯಾಗಿಲ್ಲ.

ಕುರ್ಚಿಯ ಚಿತ್ರದ ಪ್ರತಿಗೆ ಒಂದು ನಂಬರಿದೆ. ಹಾಳೆಗೆ ಇರುವ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲವೇ?

ಅದೇ ಜಾಲರಿ ಬಟ್ಟೆಯನ್ನು ನಮ್ಮ ಚಳವಳಿಯೂ ಹಿಡಿದಿದೆ. ವರದಕ್ಷಿಣೆ ಸಾವುಗಳ ವಿರುದ್ಧ ದೇಶದ ಹಲವು ಕಡೆ ಮಹಿಳಾ ಸಂಘಟನೆಗಳು ಪೋಸ್ಟರು ಮಾಡಿ ಗೋಡೆಗೆ ಹಚ್ಚಿದವು. ಅಂಥ ಪೋಸ್ಟರುಗಳನ್ನು ದೆಹಲಿಯ ಜುಬಾನ್ ಪ್ರಕಾಶನದವರು ಸಂಗ್ರಹಿಸಿ 2006ರಲ್ಲಿ ಪ್ರದರ್ಶಿಸಿದರು. ಅಲ್ಲಿ ಸದ್ದು ಮಾಡಬೇಡಿ ಎನ್ನುವ ಬೋರ್ಡಿಲ್ಲ. ಸದ್ದು ಮಾಡುವುದಕ್ಕೇ ಆ ಪೋಸ್ಟರು. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಪೋಸ್ಟರು ಹಚ್ಚುವ ಗೋಡೆಗಳಲ್ಲಿ ನಮ್ಮದೂ ಒಂದಿರಲಿ.

ಆದರೆ ಪೋಸ್ಟರಿಗಿಂತ ಮೊದಲು ನಿಮ್ಮ ಕೈಯಲ್ಲಿ ಒಂದು ಪುಸ್ತಕವಿದೆ. ವಾರದ ಉಳಿತಾಯ, ಸಾಲದ ಕಂತು ಬರೆಯುತ್ತೀರಲ್ಲ, ಹಾಗೆಯೇ ಇನ್ನೊಂದು ಪುಸ್ತಕ ಇಡಿ. ಯಾವ ಮಗಳು ಯಾವ ತಾರೀಖು ತವರಿಗೆ ಅಳುತ್ತ ಬಂದಳು, ಏನು ತರಲು ಹೇಳಿದರು, ಯಾರ ಎದುರು ಹೇಳಿದರು, ಬರೆಯಿರಿ. ಹೊರಗಿನವರ ಬಾಯಿಗೆ ಬೀಳದಂತೆ ಜೋಪಾನ ಮಾಡಿ. ಇದು ಸುಮ್ಮನೆ ಅಲ್ಲ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟಿದ್ದರೆಂದು ತೋರಿಸಿದರೆ ಅದು ವರದಕ್ಷಿಣೆ ಸಾವು. 1986ರಲ್ಲಿ ಬಂದ 304ಬಿ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಆಗಬಹುದು. ಆ ‘ಸ್ವಲ್ಪ ಮುಂಚೆ’ ನಡೆದದ್ದಕ್ಕೆ ಸಾಕ್ಷಿ ಹೇಳುವವರು ಯಾರು? ನೀವೇ.

ಸಾಯುವ ತನಕ ಕಾಯುವುದೂ ಬೇಡ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯ್ದೆಯಿದೆ, 181 ಸಹಾಯವಾಣಿಯಿದೆ. ‘ಗಂಡನ ಮನೆಗೇ ಹೋಗವ್ವ, ಹೊಂದಿಕೊಂಡು ಹೋಗು’ ಎಂದು ಬಸ್ಸು ಹತ್ತಿಸುವ ಮೊದಲು ಸಂಘದಲ್ಲಿ ಒಂದು ಮಾತು ಕೇಳಿ.

ಇಳಕಲ್ಲಿನ ನೇಕಾರ ಹೆಣ್ಣುಮಕ್ಕಳಿಗೆ ನಾನೇನು ಹೇಳಲಿ? ಸೆರಗಿನ ಎಳೆಗೂ ಒಡಲಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವವರು ನೀವು. ಒಂದು ಎಳೆ ತಪ್ಪಿದರೂ ನಿಮ್ಮ ಕಣ್ಣಿಗೆ ಬೀಳುತ್ತದೆ. ಮುಂದಿನ ವಾರ ಸಂಘಕ್ಕೆ ಬಾರದ ಹೆಣ್ಣುಮಗಳೂ ಹಾಗೆಯೇ ಕಣ್ಣಿಗೆ ಬೀಳಲಿ. ಸಭೆ ಮುಗಿದ ಮೇಲೆ ಇಬ್ಬರಾದರೂ ಅವಳ ಮನೆಗೆ ಹೋಗಿ ಬನ್ನಿ.